ಗುಳಿಗಿ ಬಿಟ್ಟು ಮತ್ತೇನು ಕೊಟ್ಟೀರಿ?

ನಾ ಎಲ್ಲಿ ಕುಂತ್ರೂ ಇಂಥಾ ಪ್ರಸಂಗ ನಡೀತಾವ. ಎದ್ದು ಬ್ಯಾರೆ ಕಡೆ ಹೋಗಿ ಕುಂತ್ರ ಅಲ್ಲಿಗೂ ನನ್ನ ವಿಳಾಸ ಕೇಳಿಕೊಂಡು ಬರ್ತಾವ.

ಸಿಂಧನೂರಾಗ ನಾಯಿ, ಬೆಕ್ಕು ನೋಡೋ ಸಣ್ಣ ದವಾಖಾನಿ ಒಂದೈತಿ. ಅಲ್ಲಿ ಡಾಕ್ಟರ್ ಮೇಡಮ್ಮಾರು ನೋಡತಾರ, ನಾ ಹಿಡೀತೀನಿ. ವಾರದಾಗ ಒಂದಿನ ಲಿಂಗಸುಗೂರಿಗೆ, ಒಂದಿನ ಮಸ್ಕಿಗೆ ಹೋಗತೀವಿ. ಅಲ್ಲೂ ಅವರು ನೋಡತಾರ, ನಾ ಹಿಡೀತೀನಿ. ನೋಡೋದು ಓದಿದ್ರ ಬರತೈತಿ, ಹಿಡಿಯೋದಕ್ಕ ಎದಿ ಬೇಕು. ಸಾಲಿ ಕಟ್ಟಿ ನಾ ಹತ್ತಿಲ್ಲ, ನಾಕು ಅಕ್ಷರ ಕಲ್ತದ್ದು ಬಸ್ಸಿನ ಬೋರ್ಡು ನೋಡಿ. ಆದ್ರ ಕಾಲುವಿಗೆ ಬಿದ್ದ ಎಮ್ಮಿ ಬಾಲ ಹಿಡದು ದಢೇಸುಗೂರು ಮಟ ಈಸಿ ದಂಡಿಗೆ ಹಚ್ಚಿದಾಂವ ನಾನು. ಎಮ್ಮಿ ಮಾಲಕ ನನಗ ಕೈ ಮುಗದ. ಎಮ್ಮಿನೂ ಮುಗೀತಿತ್ತು, ಕಾಲು ಕೆಸರಾಗಿದ್ದುವು ಅಂತ ಬಿಟ್ಟಿತು.

ನನ್ನ ಇನ್ನೊಂದು ಕೆಲಸ ಸುಳ್ಳು ಹಿಡಿಯೋದು. ಬ್ಯಾನಿಗೆ, ಬಾತದ್ದಕ್ಕ ಗುಳಿಗಿ ಬರಿಯೋಕಿಂತ ಮುಂಚೆ ಮೇಡಮ್ಮಾರು "ಮನ್ಯಾಗ ಏನರ ಕೊಟ್ಟೀರಿ?" ಅಂತ ಕೇಳತಾರ. ಒಂದು ಬ್ಯಾನಿ ಗುಳಿಗಿ ಮ್ಯಾಲೆ ಇನ್ನೊಂದು ಬಿದ್ರ ಹೊಟ್ಟ್ಯಾಗ ಹುಣ್ಣಾಗತೈತಿ, ಕಿಡ್ನಿಗೆ ಹೊಡ್ತ ಬೀಳತೈತಿ. ಮಂದಿ ಮಾತ್ರ "ಏನಿಲ್ರಿ" ಅಂದುಬಿಡ್ತಾರ. ಆಗ ನಾ ಮೀಸಿ ಮ್ಯಾಲೆ ಕೈಯಿಟ್ಟು ಮುಂದ ಬರ್ತೀನಿ. "ಮತ್ತೇನು ಕೊಟ್ಟೀರಿ? ಖರೇ ಹೇಳ್ರಿ" ಅಂತೀನಿ. ನನ್ನ ಕಣ್ಣಿಗೆ ಕಣ್ಣು ಕೊಟ್ಟು ಸುಳ್ಳು ಹೇಳಿದಾಂವ ಈ ಮೂರು ತಾಲೂಕಿನಾಗ ಇನ್ನೂ ಹುಟ್ಟಿಲ್ಲ.

ನಮ್ಮ ಮನ್ಯಾಗೂ ಒಂದು ನಾಯಿ ಐತಿ, ರಾಜ ಅಂತ. ಐತಿ ಅನ್ನಂಗಿಲ್ಲ, ಇದ್ದಾನ ಅನಬೇಕು, ಇಲ್ಲಂದ್ರ ನಮ್ಮ ಮುದುಕಿ ಜಗಳಕ್ಕ ಬರ್ತಾಳ. ಹದಿಮೂರು ವರ್ಷದಾಂವ, ಹಿಂಗಾಲು ಹಿಡದಾವ. ಈ ಚಳಿಗಾಲದಾಗ ಮೇಡಮ್ಮಾರು ದಿನಕ್ಕೊಂದು ಬ್ಯಾನಿ ಗುಳಿಗಿ ಬರದು ಕೊಟ್ರು. ಕೊಡುವಾಗ ಮುದುಕಿ ಮುಂದನ, "ತಾತಾ, ಇದರಾಗ ನಿನ್ನ ಶಾಣ್ಯಾತನ ಬೆರಸಬ್ಯಾಡ. ರಾಜನ ಕಿಡ್ನಿಗೂ ವಯಸ್ಸಾಗೇತಿ" ಅಂದ್ರು. ನನಗ ಹೇಳತಾರ, ಎಮ್ಮಿ ಬಾಲ ಹಿಡದಾಂವಗ!

ರಾಜ ಅಂಥಿಂಥಾ ನಾಯಿ ಅಲ್ಲ. ಸಂಜಿಮುಂದ ನಾ ಕಟ್ಟಿ ಮ್ಯಾಲೆ ಕುಂತ್ರ ಬಂದು ನನ್ನ ಎರಡೂ ಮೊಣಕಾಲು ನೆಕ್ಕತಿದ್ದ. ಹತ್ತು ನಿಮಿಷದಾಗ ನನ್ನ ಬ್ಯಾನಿ ಮಾಯ. ಮುಲಾಮಿಂದು ಅರ್ಧ, ನಾಲಿಗೀದು ಅರ್ಧ ಅಂತ ಮುದುಕಿ ಅಂತಿದ್ಲು. ಪೂರಾ ನಾಲಿಗೀದ ಅಂತ ನಾನು. ಇಂಥಾ ರಾಜ ಉಳೀತಾನೋ ಇಲ್ಲೋ ಅನ್ನೋ ಮಟ ಹೋಗಿತ್ತು ಮಾತು. ಅದನ್ನ ಕಡೀಕ ಹೇಳತೀನಿ, ಹೇಳಾಕ ಜರಾ ಧೈರ್ಯ ಬೇಕು. ಮೊದಲು ಮಂದಿ ಶಾಣ್ಯಾತನ ಕೇಳ್ರಿ.

ಹಸಿ ಕಳೆದ ತೂಕ

ಸಿಂಧನೂರಿನ ಅಕ್ಕಿ ಗಿರಣ್ಯಾಗ ಚೀಲ ಹೊರೋ ಹಮಾಲ ಒಬ್ಬ ತನ್ನ ನಾಯಿ ಎತ್ತಿಕೊಂಡು ಬಂದ. ಭತ್ತದ ಚೀಲ ಉರುಳಿ ಅದರ ಕಾಲಮ್ಯಾಲೆ ಬಿದ್ದಿತ್ತು. ಎಲಬು ಮುರದಿದ್ದಿಲ್ಲ, ಬಾವು ಬಂದಿತ್ತು. ಅವತ್ತ ನಮ್ಮ ತೂಕದ ಯಂತ್ರ ಕೆಟ್ಟು ಕುಂತಿತ್ತು.

"ತೂಕ ಎಷ್ಟಪ್ಪ?" ಅಂದ್ರು ಮೇಡಮ್ಮಾರು.

"ನಡುವಿನ ಸೈಜ್ ರೀ."

"ಅಂಗಿ ಹೊಲಸೋದಲ್ಲಪ್ಪ ಇದು. ಬ್ಯಾನಿ ಔಷಧ ತೂಕದ ಮ್ಯಾಲೆ ಕೊಡಬೇಕು. ಹೆಚ್ಚಾದ್ರ ಹೊಟ್ಟಿ ಸುಡತೈತಿ. ಎಲ್ಲೆರ ತೂಕ ಮಾಡಿಸಿಕೊಂಡು ಬಾ."

ನಾ ಕಣ್ಣಿಲೆ ನೋಡಿ ಹದಿನೆಂಟು ಕಿಲೋ ಅಂದೆ. ಮೇಡಮ್ಮಾರು ಕೇಳದವರಂಗ ಮಾಡಿದ್ರು. ಹಮಾಲ ಹೋದ. ಒಂದು ತಾಸಿಗೆ ತಿರುಗಿ ಬಂದಾಗ ನಾಯಿ ಗೋಣಿಚೀಲದಾಗ ಕುಂತು, ಬರೇ ಕುತಿಗಿ ಹೊರಗ ಹಾಕಿ ಊರು ನೋಡಾಕತ್ತಿತ್ತು. ಹಮಾಲನ ಕೈಯಾಗ ಗಿರಣಿ ಚೀಟಿ.

"ಒಟ್ಟು ಇಪ್ಪತ್ತೊಂದು ಕಿಲೋ ಮುನ್ನೂರು ಗ್ರಾಂ ರೀ. ಚೀಲದ್ದು ಆರುನೂರು ಗ್ರಾಂ ತಗದೀನಿ. ನಾಯಿ ಮುಂಜಾನಿ ಕಾಲುವ್ಯಾಗ ಇಳದಿತ್ತು, ಹಸಿ ಅಂತ ಒಂದು ಕಿಲೋ ಕಳದೀನಿ. ನಿವ್ವಳ ಹತ್ತೊಂಬತ್ತು ಕಿಲೋ ಏಳುನೂರು."

ಮೇಡಮ್ಮಾರು ಮುಖಕ್ಕ ಫೈಲ್ ಅಡ್ಡ ಹಿಡದ್ರು. ಫೈಲ್ ಅಲುಗಾಡಾಕತ್ತಿತ್ತು. ಕಡೀಗೆ ಕಣ್ಣು ಒರಸಿಕೊಂಡು, "ಇಷ್ಟು ಬರೋಬ್ಬರಿ ತೂಕ ನನಗ ಯಾರೂ ತಂದು ಕೊಟ್ಟಿಲ್ಲಪ್ಪ. ಎಲ್ಲಾ ಕಳದಿ. ಜೊಳ್ಳು ಎಷ್ಟು ಕಳದಿ?" ಅಂದ್ರು.

ಹಮಾಲಗ ಸಿಟ್ಟು ಬಂತು. ನಾಯಿನ್ನ ಚೀಲದಿಂದ ಎತ್ತಿ ಮೇಜಿನ ಮ್ಯಾಲಿಟ್ಟು ಅಂದ: "ಜೊಳ್ಳು ಎಲ್ಲೈತ್ರಿ ಮೇಡಮ್ಮಾರ? ಬೇಕಾದ್ರ ಒತ್ತಿ ನೋಡ್ರಿ. ಗಟ್ಟಿ ಮಾಲು!"

ಏಳು ತಟ್ಟಿ, ಒಂದು ಗುಳಿಗಿ

ಲಿಂಗಸುಗೂರಿಗೆ ಹೋದ ದಿನ ಗುರುಗುಂಟಾ ಕಡೆಯ ಕುರಿಗಾರ ಒಬ್ಬ ಬಂದ. ಅಂವನ ಹಿಂಡಿನ ಕಾವಲಿಗೆ ಏಳು ನಾಯಿ. ನಾಯಿ ಅಂದ್ರ ಹಗೂರ ತಿಳೀಬ್ಯಾಡ್ರಿ, ಅದರಾಗ ಒಂದನ್ನ ನೋಡಿ ಲಾರಿ ಹಿಂದಕ್ಕ ಹೋಗಿದ್ದು ನಾ ನೋಡೀನಿ. ಟಗರು ಹಾದು ಒಂದು ನಾಯಿ ಭುಜ ಬಾತಿತ್ತು. ಮೇಡಮ್ಮಾರು ಐದು ಗುಳಿಗಿ ಕೊಟ್ರು. ದಿನಕ್ಕೊಂದು, ಹೊಟ್ಟಿ ತುಂಬ ಉಂಡ ಮ್ಯಾಲೆ, ನೀರು ಬೇಕಾದಷ್ಟು ಇಡಬೇಕು ಅಂತ ಎರಡು ಸಲ ಹೇಳಿದ್ರು.

ಮುಂದಿನ ವಾರ ಬಂದ. ನಾಯಿ ಹಂಗ ಕುಂಟಾಕತ್ತಿತ್ತು. ನಾ ಮೀಸಿ ಮ್ಯಾಲೆ ಕೈಯಿಟ್ಟೆ.

"ಮತ್ತೇನು ಕೊಟ್ಟಿ? ಖರೇ ಹೇಳು."

"ನೀವು ಕೊಟ್ಟದ್ದ ಕೊಟ್ಟೀನಿ ತಾತಾ."

"ಯಾವುದಕ್ಕ ಕೊಟ್ಟಿ?"

"ಏಳಕ್ಕೂ."

ಮೇಡಮ್ಮಾರು ಪೆನ್ನು ಕೆಳಗಿಟ್ರು. ಕುರಿಗಾರ ಬಿಡಿಸಿ ಹೇಳಿದ: "ನಮ್ಮ ಹಟ್ಟ್ಯಾಗ ಒಂದಕ್ಕ ಹಾಕಿ ಇನ್ನೊಂದಕ್ಕ ಬಿಡಂಗಿಲ್ರಿ. ಬಿಟ್ರ ಅದು ಸಿಟ್ಟು ಮಾಡಿಕೊಂಡು ತ್ವಾಳ ಬಂದ್ರೂ ಮಕ ತಿರುಗಿಸಿಕೊಂಡು ಮಲಗತೈತಿ. ನಮ್ಮಪ್ಪನ ಕಾಲದಿಂದ ಏನು ಹಾಕಿದ್ರೂ ಏಳು ತಟ್ಟಿಗೂ ಸಮ. ಅದಕ್ಕ ದಿನಾ ಒಂದು ಗುಳಿಗಿ ಕುಟ್ಟಿ, ಅಂಬಲ್ಯಾಗ ಕಲಸಿ, ಹಂಚೀನಿ."

"ಅದರಾಗ ಮರಿಗೆ ಹಾಲು ಕುಡಿಸೋದು ಒಂದೈತಿ ಅಂದಿದ್ದೆಲ್ಲ?" ಅಂದ್ರು ಮೇಡಮ್ಮಾರು.

"ಅದಕ್ಕೂ ಹಾಕೀನ್ರಿ, ಪಾಪ ಬಾಣಂತಿ."

ಮೇಡಮ್ಮಾರು ತಲಿ ಹಿಡಕೊಂಡ್ರು. ಅವರು ಬೈಲಿಲ್ಲ. ಅಂವನ ನ್ಯಾಯದಾಗ ತಪ್ಪೇನಿದ್ದಿಲ್ಲ, ಔಷಧಕ್ಕ ಆ ನ್ಯಾಯ ಗೊತ್ತಿದ್ದಿಲ್ಲ ಅಷ್ಟ. ಬಾತದ್ದಕ್ಕ ಏಳರಾಗ ಒಂದು ಪಾಲು ಹೋಗಿತ್ತು, ಬ್ಯಾನಿ ಇಲ್ಲದ ಆರಕ್ಕ ಸುಮ್ಮಸುಮ್ಮನ ಔಷಧ ಹೋಗಿತ್ತು. ಬಾಣಂತಿನ್ನ, ಮರಿಗಳನ್ನ ತರಿಸಿ ನೋಡಿ, ಏನೂ ಆಗಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮತ್ತ ಐದು ಗುಳಿಗಿ ಕೊಟ್ರು. "ಇದು ಕುಂಟೋದಕ್ಕ ಒಂದಕ್ಕ. ಉಳಿದ ಆರಕ್ಕ ಅದೇ ಹೊತ್ತಿಗೆ ರೊಟ್ಟಿ ಚೂರಿನಾಗ ಕಡ್ಲಿಕಾಳಷ್ಟು ಬೆಲ್ಲ ಇಟ್ಟು ಕೊಡು. ಐದ ದಿನ, ಅಷ್ಟ. ನ್ಯಾಯ ನ್ಯಾಯದಂಗ ಇರಲಿ, ಔಷಧ ಔಷಧದಂಗ ಇರಲಿ."

ಅದರ ಮುಂದಿನ ವಾರ ಕುರಿಗಾರ ಮತ್ತ ಬಂದ, ಮಕ ಸಣ್ಣದು ಮಾಡಿಕೊಂಡು. "ಕುಂಟೋ ನಾಯಿ ಕುದುರಿ ಆಗೇತ್ರಿ ಮೇಡಮ್ಮಾರ. ಆದ್ರ ಬೆಲ್ಲ ಬಂದ್ ಮಾಡಿದ ದಿನದಿಂದ ಉಳಿದ ಆರೂ ಕುಂಟಾಕತ್ಯಾವ."

ಸುಳ್ಳಲ್ರಿ, ನಾ ಹೋಗಿ ಕಣ್ಣಾರೆ ನೋಡಿ ಬಂದೆ. ಅದರಾಗ ಒಂದಕ್ಕ ಯಾವ ಕಾಲು ಕುಂಟಬೇಕು ಅನ್ನೋದು ಮರ್ತು ಹೋಗಿ, ನನ್ನ ನೋಡಿದ ಕೂಡ್ಲೇ ಕಾಲು ಬದಲಿ ಮಾಡಿತು.

ಮಾಸ್ತರ ಲೆಕ್ಕ

ಇದರಾಗ ನಗೋದು ಕಡೀಕ ಬರತೈತಿ, ಮೊದಲು ನಗಬ್ಯಾಡ್ರಿ.

ಮಸ್ಕ್ಯಾಗ ಒಬ್ಬ ರಿಟೈರ್ ಆದ ಗಣಿತದ ಮಾಸ್ತರು. ಬೆಕ್ಕನ್ನ ಟವಲ್‌ನಾಗ ಸುತ್ತಿಕೊಂಡು ಓಡಿ ಬಂದ್ರು. ಬೆಕ್ಕಿನ ಮಕ ಬಾತಿತ್ತು, ಒಸಡು ಮಣ್ಣಿನ ಬಣ್ಣಕ್ಕ ತಿರುಗಿತ್ತು, ಉಸಿರು ಮ್ಯಾಲೆ ಕೆಳಗ. ಬೆಕ್ಕು ಹಿಡಿಯೋದಂದ್ರ ಹುಲಿ ಹಿಡಿಯೋಕಿಂತ ಕಠಿಣ, ನಾ ಎರಡೂ ಹಿಡದು ನೋಡೀನಿ. ಆದ್ರ ಅವತ್ತ ಅದು ಪರಚಲೇ ಇಲ್ಲ. ಪರಚಲಾರದ ಬೆಕ್ಕು ನೋಡಿ ನನಗ ಹೆದರಿಕಿ ಆತು.

ನಾ ಕೇಳೋಕಿಂತ ಮುಂಚೆ ಮಾಸ್ತರು ನೋಟ್‌ಬುಕ್ ತಗದು ಇಟ್ರು. ಬೆಕ್ಕು ಮಾಳಗಿಯಿಂದ ಬಿದ್ದು ಕುಂಟತಿತ್ತಂತ, ಮೈ ಬೆಚ್ಚಗಿತ್ತಂತ. ಮನ್ಯಾಗ ಪ್ಯಾರಾಸಿಟಮಾಲ್ ಜ್ವರದ ಗುಳಿಗಿ ಇದ್ದುವು. "ಅರವತ್ತು ಕಿಲೋ ಮನುಷ್ಯಾಗ ಒಂದು ಗುಳಿಗಿ. ಬೆಕ್ಕು ಮೂರು ಕಿಲೋ. ಅಂದ್ರ ಇಪ್ಪತ್ತರಾಗ ಒಂದು ಪಾಲು. ಬ್ಲೇಡಿನಿಂದ ಕೊಯ್ದು, ಬಂಗಾರದ ಅಂಗಡಿ ತಕ್ಕಡ್ಯಾಗ ತೂಗಿಸಿ, ದಿನಕ್ಕ ಮೂರು ಸಲ ಕೊಟ್ಟೀನಿ. ಲೆಕ್ಕ ಎಲ್ಲಿ ತಪ್ಪೇತಿ ನೋಡ್ರಿ ಮೇಡಮ್" ಅಂದ್ರು.

ಮೇಡಮ್ಮಾರು ಸೂಜಿ, ಸಲಾಯಿನ್, ಗಾಳಿ ನಳಗಿ ಎಲ್ಲಾ ಹಚ್ಚಿದ ಮ್ಯಾಲೆ ಮಾತಾಡಿದ್ರು. "ಲೆಕ್ಕ ತಪ್ಪಿಲ್ಲ ಸರ್. ಬೆಕ್ಕು ಸಣ್ಣ ಮನುಷ್ಯಾ ಅಲ್ಲ, ಅದು ಬ್ಯಾರೆ ಜೀವ. ಈ ಗುಳಿಗಿ ಅರಗಿಸೋದು ಅದಕ್ಕ ಬರಂಗಿಲ್ಲ. ಚೂರು ಹೋದ್ರೂ ವಿಷ."

ಅವತ್ತ ನಾವು ಸಿಂಧನೂರಿಗೆ ಬರುವಾಗ ಬೆಕ್ಕು, ಮಾಸ್ತರು ಇಬ್ಬರೂ ನಮ್ಮ ಗಾಡ್ಯಾಗ ಬಂದ್ರು. ಎರಡು ದಿನ ಮಾಸ್ತರು ದವಾಖಾನಿ ಬೆಂಚು ಬಿಟ್ಟು ಏಳಲಿಲ್ಲ. ಮೂರನೇ ದಿನ ನಾ ಸೂಜಿ ಹಾಕಿಸಾಕ ಹಿಡದಾಗ ಬೆಕ್ಕು ನನ್ನ ಮುಂಗೈ ಉದ್ದಕ್ಕೂ ಪರಚಿತು. ರಕ್ತ ಬಂತು. ಮಾಸ್ತರು ನನ್ನ ಕೈ ಹಿಡದು "ಬಂಗಾರದಂಥಾ ಗಾಯ!" ಅಂತ ಕಣ್ಣಾಗ ನೀರು ತಂದ್ರು.

ಹೋಗುವಾಗ ಕೇಳಿದ್ರು: "ಹಂಗಾದ್ರ ಬೆಕ್ಕಿಗೆ ಇದರ ಸರಿಯಾದ ಪ್ರಮಾಣ ಎಷ್ಟು ಮೇಡಮ್?"

"ಸೊನ್ನಿ, ಸರ್."

ಮಾಸ್ತರು ಅಲ್ಲೇ ನೋಟ್‌ಬುಕ್ ತಗದ್ರು. ಹಳೇ ಲೆಕ್ಕಕ್ಕ ಕೆಂಪು ಪೆನ್ನಿಲೆ ಅಡ್ಡ ಗೀಟು ಎಳದ್ರು. ಕೆಳಗ "ಉತ್ತರ: ಸೊನ್ನೆ" ಅಂತ ಬರದು, ಬಾಜೂಕ ಗೋಲು ಸುತ್ತಿ, ತಮಗ ತಾವೇ ಹತ್ತಕ್ಕ ಸೊನ್ನಿ ಮಾರ್ಕ್ಸ್ ಕೊಟ್ಟು, ಪಾಲಕರ ಸೈ ಅನ್ನೋ ಜಾಗಾಕ ನನ್ನ ಸೈ ಕೇಳಿದ್ರು.

ಮನಿಗೆ ಎಂಟು ದಿನದ ಗುಳಿಗಿ

ದಢೇಸುಗೂರಿನ ಗದ್ದಿ ಮನಿಯವರು. ಅತ್ತಿ, ಸೊಸಿ, ಮಾವ, ಒಂದು ಬಿಳೀ ನಾಯಿ. ನಾಯಿಗೆ ಸೊಂಟ ಬ್ಯಾನಿ, ಎಂಟು ದಿನಕ್ಕ ಎಂಟು ಗುಳಿಗಿ ಕೊಟ್ಟಿದ್ವಿ. ಮೂರನೇ ದಿನಕ್ಕ ಮೂವರೂ ನಾಯಿ ಹೊತ್ತುಕೊಂಡು ಬಂದ್ರು. ವಾಂತಿ ಹತ್ತಿತ್ತು, ಉಣ್ಣವಲ್ದು.

"ಎಷ್ಟು ಸಲ ಕೊಟ್ರಿ?" ಅಂದ್ರು ಮೇಡಮ್ಮಾರು.

ಮೂವರೂ ಒಮ್ಮೆಲೆ: "ದಿನಕ್ಕ ಒಂದ ಸಲ ರೀ!"

ಮೂವರ ಮಕದಾಗೂ ಸುಳ್ಳಿದ್ದಿಲ್ಲ. ನನಗ ಚಿಂತಿ ಹತ್ತಿತು. ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಕರಕೊಂಡು ಹೋಗಿ ಬೇವಿನ ಗಿಡದ ಕೆಳಗ ನಿಲ್ಲಿಸಿ ಕೇಳಿದೆ. "ಮುಂಜಾನಿ ನಾ ಹಾಕೀನಿ, ಅತ್ತಿಗೆ ನೆನಪಿರಂಗಿಲ್ಲ" ಅಂದ್ಲು ಸೊಸಿ. "ಮಧ್ಯಾಹ್ನ ನಾ ಹಾಕೀನಿ, ಅಕಿಗೆ ನಾಯಿ ಮ್ಯಾಲೆ ಎಲ್ಲಿ ಲಕ್ಷ್ಯ?" ಅಂದ್ಲು ಅತ್ತಿ. "ಸಂಜಿಗೆ ನಾ ಹಾಕೀನಿ, ಇಬ್ಬರೂ ಜಗಳದಾಗ ಇರ್ತಾರ" ಅಂದ ಮಾವ. ಖರೇ, ಪ್ರತಿಯೊಬ್ಬರೂ ದಿನಕ್ಕ ಒಂದ ಸಲ ಹಾಕಿದ್ರು. ಅತ್ತಿ ಸೊಸಿ ಮಾತು ಬಿಟ್ಟು ಎಂಟು ತಿಂಗಳಾಗಿತ್ತಂತ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಹೆಂಗ ಗೊತ್ತಾಗಬೇಕು?

ಗುಳಿಗಿ ಬಂದ್ ಮಾಡಿ, ಹೊಟ್ಟಿಗೆ ಔಷಧ ಕೊಟ್ಟು, ನಾಯಿ ಸುಧಾರಿಸಿದ ಮ್ಯಾಲೆ ಮೇಡಮ್ಮಾರು ಹೊಸದಾಗಿ ಕಡಿಮಿ ಔಷಧ ಬರದ್ರು. "ಅತ್ತಿಯವರು ಹಾಕಬೇಕು, ಸೊಸಿ ಕ್ಯಾಲೆಂಡರ್ ಮ್ಯಾಲೆ ಗೀಟು ಹಾಕಬೇಕು. ಕೇಳಿ ಹಾಕಬೇಕು" ಅಂತ ಹುಕುಂ ಮಾಡಿದ್ರು.

ಹಿಂಗಾಗಿ ದಿನಾ ಮುಂಜಾನಿ ಸೊಸಿ ಕೇಳಬೇಕಾತು, "ಅತ್ತಿ, ನಾಯಿಗೆ ಹಾಕಿದ್ರಿ?" ಅತ್ತಿ ಹೇಳಬೇಕಾತು, "ಹಾಕೀನವ್ವ, ಗೀಟು ಎಳಿ." ನಾಕನೇ ದಿನಕ್ಕ ಗೀಟಿನ ಜೋಡಿ ಚಾನೂ ಬಂತಂತ.

ಔಷಧ ಮುಗಿದ ಮರುದಿನ ಮಾವ ಒಬ್ಬನ ದವಾಖಾನಿಗೆ ಬಂದ. ನಾಯಿ ತಂದಿದ್ದಿಲ್ಲ. ಆಕಡೆ ಈಕಡೆ ನೋಡಿ ಮೇಡಮ್ಮಾರ ಕಿವ್ಯಾಗ ಅಂದ: "ಇನ್ನೊಂದು ಎಂಟು ದಿನದ್ದು ಕೊಡ್ರಿ. ನಾಯಿಗಲ್ಲ, ಮನಿಗೆ."

ನನ್ನ ಮೊಣಕಾಲು

ಈಗ ರಾಜನ ಮಾತು.

ಗುಳಿಗಿ ಶುರು ಮಾಡಿ ಹತ್ತು ದಿನಕ್ಕ ರಾಜ ಹೊಸ್ತಿಲು ದಾಟಾಕತ್ತಿದ್ದ, ಬಾಲ ಆಡಿಸ್ತಿದ್ದ. ಗುಳಿಗಿ ಕೊಡಾಕಿ ಮುದುಕಿ, ಹಾಲು ರೊಟ್ಟಿ ಉಣಿಸಿದ ಮ್ಯಾಲೆ, ದಿನಕ್ಕ ಒಂದ. ನಾ ಮುಟ್ಟಿಲ್ಲ. ಆಮ್ಯಾಲೆ ಒಂದಿನ ಮುಂಜಾನಿ ರಾಜ ರೊಟ್ಟಿ ಮೂಸಿ ಮಕ ತಿರುಗಿಸಿದ. ವಾಂತಿ ಮಾಡಿದ. ಹಿತ್ತಲದಾಗ ನೋಡಿದ್ರ ಹೊರಕಡಿ ಮಾಡಿದ್ದು ಡಾಂಬರಿನಂಗ ಕರ್ರಗಿತ್ತು.

ಮುದುಕಿ ಕೈಯಾಗಿನ ಗುಳಿಗಿ ಅಲ್ಲೇ ಇಟ್ಲು. "ಉಣ್ಣದಿದ್ರ, ವಾಂತಿ ಆದ್ರ, ಕರ್ರಗ ಹೋದ್ರ ಗುಳಿಗಿ ನಿಲ್ಲಿಸಿ ಕರಕೊಂಡು ಬರ್ರಿ ಅಂತ ಮೇಡಮ್ಮಾರು ಅಂದಿದ್ರಲ್ಲ. ಏಳು, ಆಟೋ ಕರಿ" ಅಂದ್ಲು.

ಆಟೋದಾಗ ರಾಜ ನನ್ನ ತೊಡಿ ಮ್ಯಾಲೆ ತಲಿ ಇಟ್ಟಿದ್ದ. ದವಾಖಾನ್ಯಾಗ ಮೇಜಿನ ಮ್ಯಾಲೆ ಹಾಕಿ ಹಿಡಿಯಾಕ ಹೋದೆ. ಎಮ್ಮಿ ಬಾಲ ಬಿಡದ ಕೈಗೆ ರಾಜನ ಕಾಲು ಹಿಡಿಯಾಕ ಬರವಲ್ದು. ಕಡೀಗೆ ಮುದುಕಿ ಹಿಡಿದ್ಲು.

ಮೇಡಮ್ಮಾರು ನನ್ನ ಕಡೆ ನೋಡಿದ್ರು. "ತಾತಾ, ಗುಳಿಗಿ ಬಿಟ್ಟು ಮತ್ತೇನು ಕೊಟ್ಟಿ?"

"ಏನಿಲ್ರಿ."

"ಖರೇ ಹೇಳು."

"ಖರೇನ ರೀ! ನನ್ನ ಮೀಸಿ ಆಣಿ!"

ಬೆಂಚಿನ ಮ್ಯಾಲೆ ಕುಂತಿದ್ದ ಆ ಹಮಾಲ, ನಾಯಿ ಕಾಲಿನ ಪಟ್ಟಿ ಬಿಚ್ಚಿಸಾಕ ಬಂದಾಂವ, ನನ್ನ ಮಕಾನ ಒಂದ ಸವನ ನೋಡಾಕತ್ತಿದ್ದ. ನಾ ಮಂದಿನ್ನ ನೋಡತಿದ್ನೆಲ್ಲ, ಹಂಗ. ಖರೇ ಹೇಳಿದ್ರೂ ಕಳ್ಳನಂಗ ಕಾಣೋದು ಎಷ್ಟು ಸಂಕಟ ಅನ್ನೋದು ನನಗ ಅವತ್ತ ಗೊತ್ತಾತು.

ರಕ್ತ ತಗದ್ರು, ಸಲಾಯಿನ್ ಹಚ್ಚಿದ್ರು, ಹೊಟ್ಟಿಗೆ ಸೂಜಿ ಹಾಕಿದ್ರು. "ಹುಣ್ಣಾಗೇತಿ. ಕಿಡ್ನಿನೂ ಜರಾ ಸೋತಾವ. ಬರೇ ಈ ಗುಳಿಗಿಗೆ ಇಷ್ಟಾಗಬಾರದಿತ್ತು" ಅಂದ್ರು. ಉಳೀತಾನೇನ್ರಿ ಅಂತ ಮುದುಕಿ ಕೇಳಿದ್ಲು. "ಇವತ್ತು ನಾಳೆ ನೋಡಬೇಕವ್ವ" ಅಂದ್ರು.

ನಾ ರಾಜನ ಬಾಜೂಕ ನೆಲದ ಮ್ಯಾಲೆ ಕುಂತೆ. ಮಧ್ಯಾಹ್ನ ಆತು. ಕುಂತು ಕುಂತು ಮೊಣಕಾಲು ಹಿಡಕೊಂಡುವು. ರೂಢಿಯಂಗ ಕಿಸೆದಾಗಿಂದ ಮುಲಾಮಿನ ಟ್ಯೂಬ್ ತಗದು ಹಚ್ಚಿಕೊಂಡೆ. ಮಂದಿ ಕಡ್ಲಿಕಾಳಷ್ಟು ಹಚ್ಚತಾರ, ನಾ ಅಂಗೈ ತುಂಬ ಹಚ್ಚಾಂವ. ಮಲಗಿದ್ದ ರಾಜ ಕಣ್ಣು ತೆರೆದ. ಸಲಾಯಿನ್ ಹಚ್ಚಿದ ಕಾಲು ಎಳಕೊಂಡ, ತಲಿ ಎತ್ತಲಾರದ ಎತ್ತಿದ, ನನ್ನ ಬ್ಯಾನಿ ತಗಿಯಾಕಂತ ಮೊಣಕಾಲಿಗೆ ನಾಲಿಗಿ ಚಾಚಿದ.

"ತಾತಾ!" ಅಂತ ಮೇಡಮ್ಮಾರು ಚೀರಿದ್ರು. ನಾ ಹಾರಿಬಿದ್ದೆ. ಬಂದವರೇ ಟ್ಯೂಬ್ ಕಸಗೊಂಡು ಓದಿದ್ರು. "ಇದನ್ನ ಎಷ್ಟು ದಿನದಿಂದ ಹಚ್ಚಾಕತ್ತಿ?"

"ಮೊದಲು ಎಳ್ಳೆಣ್ಣಿ ಹಚ್ಚತಿದ್ನ್ರಿ. ಈ ಹೊಸದು ತಂದು ಹದಿನೈದು ದಿನ ಆತು."

"ದಿನಾ ನೆಕ್ಕತಾನ?"

"ಹೂನ್ರಿ, ಎರಡೂ ಮೊಣಕಾಲು, ಸ್ವಚ್ಛ ಆಗೋ ಮಟ."

"ಇದೂ ಬ್ಯಾನಿ ಔಷಧಾನೇ ತಾತಾ! ಮನುಷ್ಯಾರದು. ನಾಯಿ ಹೊಟ್ಟಿಗೆ ಹೋಗಬಾರದ್ದು. ಮುಂಜಾನಿ ನನ್ನ ಗುಳಿಗಿ, ಸಂಜಿಗೆ ನಿನ್ನ ಮೊಣಕಾಲು!"

ಮುದುಕಿ ನನ್ನ ನೋಡಿದ್ಲು. ಬೈತಾಳ ಅಂದುಕೊಂಡೆ. "ಮೂರು ತಾಲೂಕಿನ ಸುಳ್ಳು ಹಿಡದಾಂವ, ನಿನ್ನ ಮೊಣಕಾಲ ನಿನಗ ಸಿಗಲಿಲ್ಲ ನೋಡು" ಅಂದು, ಸೆರಗು ನೀರಿನಾಗ ಅದ್ದಿ, ಅಲ್ಲೇ ಕುಂತು ನನ್ನ ಎರಡೂ ಮೊಣಕಾಲು ತಿಕ್ಕಿ ತಿಕ್ಕಿ ಒರಸಿದ್ಲು. ತೊಗಲು ಕಿತ್ತು ಬರ್ತೈತೇನೋ ಅನ್ನಂಗ ಒರಸಿದ್ಲು.

ಮೂರು ದಿನ ಸಲಾಯಿನ್ ನಡೀತು. ನಾಕನೇ ದಿನ ರಾಜ ಗಂಜಿ ನೆಕ್ಕಿದ. ಎಂಟನೇ ದಿನ ರೊಟ್ಟಿ. ಕಿಡ್ನಿ ಮತ್ತ ತಮ್ಮ ಕೆಲಸಕ್ಕ ಬಂದುವು ಅಂತ ಮೇಡಮ್ಮಾರು ರಕ್ತ ನೋಡಿ ಹೇಳಿದ್ರು. ಅವತ್ತ ನಾ ದವಾಖಾನ್ಯಾಗ ಇದ್ದವರಿಗೆಲ್ಲ ಚಾ ಕುಡಿಸಿದೆ. ರಾಜನ್ನ ನೋಡಾಕ ಬಂದಿದ್ದ ಹಮಾಲ ಚಾ ಕುಡಿದು, "ತಾತಾ, ಆ ಮೊಣಕಾಲಿಂದು ತೂಕ ಮಾಡಿಸಬೇಕಾಗಿತ್ತು ನೋಡ್ರಿ, ಹಸಿ ಕಳದು" ಅಂದ. ನಾ ಅಂವಗ ಇನ್ನೊಂದು ಚಾ ಹೇಳಿದೆ.

ಈಗ ಮುಲಾಮು ಬಂದ್, ಮತ್ತ ಎಳ್ಳೆಣ್ಣಿ. ಅದನ್ನೂ ಹಚ್ಚಿ ಮ್ಯಾಲೆ ಅರಿವಿ ಸುತ್ತಿ, ಪಾಯಿಜಾಮಾ ಇಳಿಬಿಟ್ಟು ಕುಂದರತೀನಿ. ಮೇಡಮ್ಮಾರು ರಾಜನ ಚೀಟಿ ಮ್ಯಾಲೆ ಔಷಧದ ಕೆಳಗ ದೊಡ್ಡ ಅಕ್ಷರದಾಗ "ಮಾಲಕನ ಮೊಣಕಾಲು ಕೊಡಬಾರದು" ಅಂತ ಬರದಾರ. ಅಷ್ಟು ಅಕ್ಷರ ನನಗ ಓದಾಕ ಬರ್ತಾವ.

ಸಂಜಿಮುಂದ ರಾಜ ಈಗೂ ಕಟ್ಟಿಗೆ ಬರ್ತಾನ. ಆದ್ರ ಮೊದಲಿನಂಗ ನಾಲಿಗಿ ಚಾಚಂಗಿಲ್ಲ. ನನ್ನ ಮುಂದ ಕುಂತು, ಪಾಯಿಜಾಮಾ ಮ್ಯಾಲಿಂದ ಎಡ ಮೊಣಕಾಲು ಮೂಸತಾನ. ಬಲ ಮೊಣಕಾಲು ಮೂಸತಾನ. ಆಮ್ಯಾಲೆ ತಲಿ ಎತ್ತಿ, ನನ್ನ ಕಣ್ಣಾಗ ಕಣ್ಣಿಟ್ಟು, ಮೀಸಿ ನೆಟ್ಟಗ ಮಾಡಿ, ರೆಪ್ಪಿ ಬಡೀಲಾರದ ನೋಡತಾನ.

ನಾ ಕೈ ಮುಗೀತೀನಿ. "ಏನಿಲ್ಲೋ ಮಾರಾಯಾ, ಖರೇನೂ ಎಳ್ಳೆಣ್ಣಿ!"

ಆದ್ರೂ ಅಂವ ಹೋಗಿ ಮುದುಕಿ ಮಕಾ ನೋಡತಾನ. ಅಕಿ ಹೂಂ ಅಂದ ಮ್ಯಾಲೆನ ಬಂದು ಮಲಗತಾನ.